ದೀಪದ ಬುಡಕ್ಕೊಂದು ಲೋಹದ ಪಟ್ಟಿ

‘ದೀಪದ ಬುಡದಲ್ಲಿ ಕತ್ತಲೆ’ ಎಂಬ ಗಾದೆಯ ಮರ್ಮವನ್ನು ಮೇಣದಬತ್ತಿ ತಯಾರಿಸುವವರಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಾರರು. ಮೇಣದಬತ್ತಿಯ ಮೈ ಎಷ್ಟೇ ನುಣುಪಾಗಿರಲಿ, ಬಣ್ಣ ಎಷ್ಟೇ ಸೊಗಸಾಗಿರಲಿ, ಪರಿಮಳ ಎಷ್ಟೇ ಹಿತವಾಗಿರಲಿ, ಅದರ ಹಣೆಬರಹ ನಿರ್ಧಾರವಾಗುವುದು ಅಚ್ಚಿನ ಬುಡದಲ್ಲಿ, ಕಡಲೆಕಾಳಿಗಿಂತಲೂ ಕಿರಿದಾದ ಒಂದು ರಂಧ್ರದಲ್ಲಿ. ಆ ರಂಧ್ರದ ಮೇಲಿನ ಪಟ್ಟಿ ಬಿಗಿಯಾಗಿ ನಿಂತರೆ ಅಚ್ಚಿನೊಳಗೆ ದೀಪ. ಸಡಿಲಿದರೆ ಮೇಜಿನ ಮೇಲೆ, ನೆಲದ ಮೇಲೆ, ಒಮ್ಮೊಮ್ಮೆ ಪಾದದ ಮೇಲೆಯೂ ಬಿಸಿ ಮೇಣ!

ಮನೆಮನೆಗೂ ವಿದ್ಯುತ್ತು ಬಂದ ಮೇಲೆ ಮೇಣದಬತ್ತಿಯ ಕಾಲ ಮುಗಿಯಿತೆಂದು ಭಾವಿಸಿದವರ ಎಣಿಕೆ ತಪ್ಪಾಯಿತು. ಗುರುವಾರಗಳಂದು ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಹೋದವರಿಗೂ, ಸೆಪ್ಟೆಂಬರ್ 8ರ ಹಬ್ಬದ ದಿನ ಶಿವಾಜಿನಗರದ ಸಂತ ಮೇರಿಯ ಬೆಸಿಲಿಕವನ್ನು ಕಂಡವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿಯ ಸಾಲುದೀಪಗಳಲ್ಲಿ ಹಣತೆಯ ಪಕ್ಕದಲ್ಲಿ ಮೇಣದ ದೀಪವೂ ಕುಳಿತಿದೆ. ಉಡುಗೊರೆಯ ಬುಟ್ಟಿಯಲ್ಲಿ ಪರಿಮಳದ ಮೇಣದಬತ್ತಿಗೆ ಈಗ ತಪ್ಪದ ಸ್ಥಾನವುಂಟು. ಬೇಡಿಕೆಯಿದ್ದಲ್ಲಿ ಕೈಕಸುಬು ಹುಟ್ಟುವುದು ಲೋಕರೂಢಿ. ಹೆಚ್ಚಿನ ಬಂಡವಾಳವಿಲ್ಲದೆ, ಅಡಿಗೆಮನೆಯ ಒಂದು ಮೂಲೆಯಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ ಮಾಡಬಹುದಾದ ಈ ಕೆಲಸವನ್ನು ಅನೇಕ ಗೃಹಿಣಿಯರು ವಿನೋದಕ್ಕಾಗಿಯೂ ಕೆಲವರು ಸಂಪಾದನೆಗಾಗಿಯೂ ಕೈಗೊಂಡಿದ್ದಾರೆ.

ಹೀಗೆ ಕೆಲಸಕ್ಕೆ ತೊಡಗುವವರು ಮೇಣವನ್ನು ಹತ್ತು ಕಡೆ ವಿಚಾರಿಸಿ ತರುತ್ತಾರೆ, ಬಣ್ಣವನ್ನು ಆರಿಸುತ್ತಾರೆ, ಅಚ್ಚಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ಅಚ್ಚಿನ ಬುಡಕ್ಕೆ ಅಂಟಿಸುವ ಪಟ್ಟಿಯ ವಿಷಯ ಮಾತ್ರ ನೆನಪಾಗುವುದು ಮೊದಲನೆಯ ಸೋರಿಕೆಯಾದ ಅನಂತರ! ಮನೆಯಲ್ಲಿ ಯಾವ ಟೇಪು ಕೈಗೆ ಸಿಕ್ಕಿತೋ ಅದನ್ನೇ ಎಳೆದು ಅಂಟಿಸಿ ಮೇಣ ಹೊಯ್ದು ಕುಳಿತರೆ, ಐದು ನಿಮಿಷದಲ್ಲಿ ಅಚ್ಚಿನ ಕೆಳಗಿನಿಂದ ಸಣ್ಣದೊಂದು ಹೊಳೆ ಹೊರಡುತ್ತದೆ. ಕಿಲೋಗಟ್ಟಲೆ ಮೇಣ ಹಾಳಾದರೂ ಸಹಿಸಬಹುದು. ಪಕ್ಕದಲ್ಲಿ ಮಗು ನಿಂತಿದ್ದರೆ? ಒಲೆ ಉರಿಯುತ್ತಿದ್ದರೆ? ಆದುದರಿಂದ ಈ ಅಲ್ಪ ವಸ್ತುವನ್ನು ಕುರಿತು ಸ್ವಲ್ಪ ಹೆಚ್ಚಾಗಿಯೇ ಯೋಚಿಸುವುದು ಲೇಸು.

ತಲೆಕೆಳಗಾಗಿ ಹುಟ್ಟುವ ದೀಪ

ಮೇಣದಬತ್ತಿ ನೆಟ್ಟಗೆ ನಿಂತು ಉರಿಯುತ್ತದೆ. ಹುಟ್ಟುವುದು ಮಾತ್ರ ತಲೆಕೆಳಗಾಗಿ. ಕಂಬದಾಕಾರದ ಅಚ್ಚಿನಲ್ಲಿ ಬುಡವೆಂದು ಕಾಣುವ ಭಾಗವೇ ಮುಂದೆ ಮೇಣದಬತ್ತಿಯ ನೆತ್ತಿಯಾಗುತ್ತದೆ. ಉರಿಯಬೇಕಾದ ನೂಲು ಆ ಬುಡವನ್ನು ತೂರಿ ಹೊರಗೆ ಬರಲೇಬೇಕು. ನೂಲಿಗೆ ದಾರಿ ಬೇಕಾದರೆ ರಂಧ್ರ ಬೇಕು. ರಂಧ್ರವಿದ್ದಲ್ಲಿ ಮೇಣಕ್ಕೂ ದಾರಿಯುಂಟು. ನೂಲಿಗೆ ಬಾಗಿಲು ತೆರೆದು ಮೇಣಕ್ಕೆ ಬಾಗಿಲು ಮುಚ್ಚುವುದು ಅಚ್ಚಿನ ಕೆಲಸದ ಮೊದಲ ಪಾಠ.

ಸೋರಿಕೆಯ ತಾಣ ಇದೊಂದೇ ಅಲ್ಲ. ಎರಡು ಹೋಳುಗಳಾಗಿ, ಪುಸ್ತಕದಂತೆ ತೆರೆದು ಮುಚ್ಚುವ ಅಲ್ಯೂಮಿನಿಯಂ ಅಚ್ಚುಗಳಲ್ಲಿ ಹೋಳುಗಳು ಕೂಡುವ ಸಂದುಂಟು. ತಗಡನ್ನು ಸುತ್ತಿ ಬೆಸೆದ ಅಚ್ಚಿನಲ್ಲಿ ಬೆಸುಗೆಯ ಗೆರೆಯುಂಟು. ಹಳೆಯ ಡಬ್ಬಿಯ ತಳಕ್ಕೆ ಮೊಳೆಯಿಂದ ರಂಧ್ರ ಕೊರೆದು ಅದನ್ನೇ ಅಚ್ಚಾಗಿ ಬಳಸುವವರ ಮನೆಯಲ್ಲಿ ರಂಧ್ರದ ಅಂಚು ಒರಟಾಗಿ, ಹಲ್ಲುಹಲ್ಲಾಗಿ ಚಾಚಿಕೊಂಡಿರುತ್ತದೆ. ಇಂಥ ಕಡೆ ಯಾವ ಪಟ್ಟಿಯೂ ಸಮನಾಗಿ ಕೂರುವುದಿಲ್ಲ. ಅಂಚನ್ನು ಅರದಿಂದ ಉಜ್ಜಿ ಸಮ ಮಾಡಿದ ಮೇಲೆಯೇ ಪಟ್ಟಿಯ ಮಾತು.

ಮೇಣದ ಸ್ವಭಾವ

ಗಟ್ಟಿಯಾಗಿರುವಾಗ ಮೇಣದಷ್ಟು ಸಾಧುವಾದ ವಸ್ತು ಮತ್ತೊಂದಿಲ್ಲ. ಕರಗಿದಾಗ ಅದರ ಗುಣವೇ ಬೇರೆ. ಮೇಣದಬತ್ತಿಗೆ ಹೆಚ್ಚಾಗಿ ಬಳಸುವ ಪ್ಯಾರಾಫಿನ್ ಮೇಣ ತನ್ನ ದರ್ಜೆಗೆ ತಕ್ಕಂತೆ ಸುಮಾರು 46ರಿಂದ 68 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕರಗುತ್ತದೆ. ಜೇನುಮೇಣ ಕರಗುವುದು 62-64 ಡಿಗ್ರಿಯಲ್ಲಿ. ಆದರೆ ಕರಗಿದೊಡನೆಯೇ ಅಚ್ಚಿಗೆ ಹೊಯ್ದರೆ ಮೈ ನುಣುಪಾಗುವುದಿಲ್ಲ. ಆದ್ದರಿಂದ ಲೋಹದ ಅಚ್ಚಿಗೆ ಪ್ಯಾರಾಫಿನ್ನನ್ನು 80-90 ಡಿಗ್ರಿಯಷ್ಟು ಬಿಸಿಯಿರುವಾಗ ಹೊಯ್ಯುವುದು ರೂಢಿ. ತಾಳೆಯೆಣ್ಣೆಯಿಂದ ಮಾಡಿದ ಮೇಣವನ್ನು ಇನ್ನೂ ತುಸು ಬಿಸಿಯಾಗಿಯೂ, ಸೋಯಾ ಮೇಣವನ್ನು ಸಾಮಾನ್ಯವಾಗಿ ಇದಕ್ಕಿಂತ ತಂಪಾಗಿಯೂ ಹೊಯ್ಯುತ್ತಾರೆ. ಒಟ್ಟಿನಲ್ಲಿ ಅಚ್ಚಿನ ಬುಡದ ಪಟ್ಟಿ ತಾಳಬೇಕಾದ ಉಷ್ಣ ಕುದಿಯುವ ನೀರಿನ ಉಷ್ಣಕ್ಕಿಂತ ಕಡಿಮೆಯೇ. ಈ ಲೆಕ್ಕವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದು ಉಪಯೋಗಕ್ಕೆ ಬರುತ್ತದೆ.

ಈ ಬಿಸಿಯಲ್ಲಿ ಮೇಣ ನಮ್ಮ ಅಡಿಗೆಯ ಎಣ್ಣೆಗಿಂತಲೂ ಎಷ್ಟೋ ತೆಳುವಾಗುತ್ತದೆ. ನೀರು ಹನಿಯಾಗಿ ದುಂಡಗೆ ನಿಲ್ಲುವಲ್ಲಿ ಮೇಣ ಹರಡಿಕೊಂಡು, ಕೂದಲೆಳೆಯಷ್ಟು ಸಂದಿದ್ದರೂ ಹುಡುಕಿಕೊಂಡು ಹೊರಡುತ್ತದೆ. ನೀರು ಸೋರದ ಅಚ್ಚಿನಲ್ಲಿ ಮೇಣ ಸೋರುವುದುಂಟು ಎಂಬುದು ಕೆಲಸ ಮಾಡಿದವರ ಅನುಭವದ ಮಾತು.

ಕರಗಿದ ಮೇಣದ ಈ ಗುಣ ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ವಿಗ್ರಹಗಳ ಎರಕದ ವಿಧಾನ ಬಂದಿದೆ. ಮೊದಲು ಮೇಣದಲ್ಲಿ ಮೂರ್ತಿಯನ್ನು ಮಾಡಿ, ಅದಕ್ಕೆ ಮಣ್ಣು ಮೆತ್ತಿ, ಕಾಯಿಸಿದರೆ ಮೇಣ ಕರಗಿ ನಾಳದ ಮೂಲಕ ಹೊರಟುಹೋಗುತ್ತದೆ. ಆ ಬರಿದಾದ ಜಾಗಕ್ಕೆ ಲೋಹವನ್ನು ಹೊಯ್ಯುತ್ತಾರೆ. ಅಲ್ಲಿ ಶಿಲ್ಪಿಗೆ ಬೇಕಾದುದು ಮೇಣ ಚೊಕ್ಕವಾಗಿ ಓಡಿಹೋಗುವುದು. ಇಲ್ಲಿ ಗೃಹಿಣಿಗೆ ಬೇಕಾದುದು ಅದು ಓಡಿಹೋಗದಿರುವುದು. ಮೇಣದ ಗುಣವೊಂದೇ, ಅಲ್ಲಿ ವರ, ಇಲ್ಲಿ ಕಾಟ.

ಮೇಣದ ಮತ್ತೊಂದು ಗುಣ, ಗಟ್ಟಿಯಾಗುವಾಗ ಕುಗ್ಗುವುದು. ಪ್ಯಾರಾಫಿನ್ ಕರಗಿದ ಸ್ಥಿತಿಯಿಂದ ಗಟ್ಟಿಯಾಗುವಷ್ಟರಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಕುಗ್ಗುತ್ತದೆ. ಆಗ ನೂಲಿನ ಸುತ್ತ ಕುಳಿ ಬೀಳುತ್ತದೆ. ಅದನ್ನು ತುಂಬಲು ಮತ್ತೊಮ್ಮೆ, ಮೊದಲಿಗಿಂತ ತುಸು ಬಿಸಿಯಾದ ಮೇಣವನ್ನು ಹೊಯ್ಯಬೇಕು. ಎಂದರೆ ಪಟ್ಟಿಯ ಪರೀಕ್ಷೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲ ಎರಕಕ್ಕೆ ತಡೆದ ಪಟ್ಟಿಯನ್ನು ಎರಡನೆಯ ಎರಕಕ್ಕೆ ಮುನ್ನ ಕಿತ್ತುಹಾಕುವುದು ಅವಸರದ ಕೆಲಸವಾದೀತು.

ಫ್ಯಾರಡೆ ತೋರಿಸಿದ ಬೆಣೆ

ಅಚ್ಚಿನಲ್ಲಿ ಮೇಣದಬತ್ತಿ ಮಾಡುವ ವಿದ್ಯೆ ಹಳೆಯದಾದರೂ ಮನೆಮನೆಗೆ ಅಗ್ಗದ ಮೇಣದಬತ್ತಿ ತಲುಪಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಜೇನುಮೇಣ ಅಚ್ಚಿಗೆ ಕಚ್ಚಿಕೊಳ್ಳುವ ಸ್ವಭಾವದ್ದಾದ್ದರಿಂದ ಅದನ್ನು ತೂಗುಹಾಕಿದ ನೂಲಿನ ಮೇಲೆ ಸುರಿದು ಸುರಿದು ಬೆಳೆಸುತ್ತಿದ್ದರು. ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರಲ್ ಕೊಬ್ಬುಗಳನ್ನು ಕುರಿತ ತನ್ನ ಸಂಶೋಧನೆಯನ್ನು 1823ರಲ್ಲಿ ಪ್ರಕಟಿಸಿದ ಮೇಲೆ ಸ್ಟಿಯರಿನ್ ಮೇಣದಬತ್ತಿಗೆ ದಾರಿಯಾಯಿತು. 1834ರಲ್ಲಿ ಇಂಗ್ಲೆಂಡಿನ ಜೋಸೆಫ್ ಮಾರ್ಗನ್, ಅಚ್ಚಿನಿಂದ ಮೇಣದಬತ್ತಿಯನ್ನು ತಳ್ಳಿ ಹೊರಹಾಕುವ ಯಂತ್ರವನ್ನು ರಚಿಸಿದನು. 1850ರಲ್ಲಿ ಜೇಮ್ಸ್ ಯಂಗ್ ಕಲ್ಲಿದ್ದಲಿನಿಂದ ಪ್ಯಾರಾಫಿನ್ ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದನು.

1860ರ ಕ್ರಿಸ್‌ಮಸ್ ಕಾಲದಲ್ಲಿ ಮಹಾವಿಜ್ಞಾನಿ ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಬಾಲಕ ಬಾಲಿಕೆಯರಿಗಾಗಿ ಮೇಣದಬತ್ತಿಯನ್ನೇ ವಿಷಯವಾಗಿಟ್ಟುಕೊಂಡು ಆರು ಉಪನ್ಯಾಸಗಳನ್ನು ನೀಡಿದನು. ಉರಿಯುವ ಜ್ವಾಲೆಯಿಂದ ಹಿಡಿದು ಮನುಷ್ಯನ ಉಸಿರಾಟದವರೆಗೆ ಹಬ್ಬಿದ ಆ ಪ್ರಸಿದ್ಧ ಉಪನ್ಯಾಸಮಾಲೆಯಲ್ಲಿ, ಮೊದಲ ದಿನವೇ, ಅವನು ಅಚ್ಚಿನ ಚೌಕಟ್ಟೊಂದನ್ನು ತೋರಿಸಿ ನೂಲನ್ನು ಬುಡದಲ್ಲಿ ಪುಟ್ಟ ಬೆಣೆಯಿಂದ ಬಿಗಿಯುವ ಕ್ರಮವನ್ನು ವಿವರಿಸಿದನು. ಆ ಬೆಣೆಗೆ ಎರಡು ಕೆಲಸ: ನೂಲನ್ನು ಬಿಗಿಯಾಗಿ ಹಿಡಿಯುವುದು, ಮೇಣ ಹೊರಹರಿಯದಂತೆ ರಂಧ್ರವನ್ನು ಮುಚ್ಚುವುದು. ವಿದ್ಯುಚ್ಛಕ್ತಿಯ ರಹಸ್ಯಗಳನ್ನು ಬಿಡಿಸಿದ ಆ ಮಹಾಮತಿಗೂ ಅಚ್ಚಿನ ಬುಡದ ರಂಧ್ರ ಅಲ್ಪವೆಂದು ಕಾಣಲಿಲ್ಲ.

ಫ್ಯಾರಡೆಯ ಬೆಣೆಯ ಸ್ಥಾನಕ್ಕೆ ಇಂದು ತಿರುಪು ಮೊಳೆ ಬಂದಿದೆ. ಜೊತೆಗೆ ಪುಟ್ಟಿಯಂಥ ಜಿಗುಟು ಮುದ್ದೆ ಬಂದಿದೆ. ಇವೆರಡರ ಹೊರಗೆ ಕಾವಲು ನಿಲ್ಲುವುದು ಅಂಟುಪಟ್ಟಿ. ಮುದ್ದೆಯನ್ನು ಒಳಗಿನ ಬೀಗವೆಂದರೆ, ಪಟ್ಟಿಯನ್ನು ಹೊರಗಿನ ಅಗುಳಿಯೆನ್ನಬಹುದು. ಕದ ಭದ್ರವಾಗಬೇಕಾದರೆ ಎರಡೂ ಬೇಕು.

ತಗಡು ಬೇರೆ, ಅಂಟು ಬೇರೆ

ಲೋಹದ ಪಟ್ಟಿಯೆಂದು ಮಾರುವುದು ಬಹುಮಟ್ಟಿಗೆ ಅಲ್ಯೂಮಿನಿಯಂ ಹಾಳೆಯ ಪಟ್ಟಿ. ಏರ್‌ಕಂಡೀಷನರಿನ ಗಾಳಿಕೊಳವೆಗಳ ಸಂದು ಮುಚ್ಚಲು ಇದನ್ನು ತಯಾರಿಸುತ್ತಾರೆ. ಬೆಳ್ಳಿಯಂತೆ ಹೊಳೆಯುವ ಈ ಸುರುಳಿಯನ್ನು ಕೊಂಡವರು, ‘ಲೋಹವಲ್ಲವೆ, ಬಿಸಿಗೆ ಏನಾದೀತು?’ ಎಂದು ನಿಶ್ಚಿಂತರಾಗುತ್ತಾರೆ. ಮೋಸ ಹೋಗುವುದು ಇಲ್ಲಿಯೇ.

ಪಟ್ಟಿಯಲ್ಲಿ ಎರಡು ಪದರಗಳಿವೆ: ಕಣ್ಣಿಗೆ ಕಾಣುವ ಹಾಳೆ ಒಂದು, ಕಾಣದ ಅಂಟು ಇನ್ನೊಂದು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. 90 ಡಿಗ್ರಿಯ ಮೇಣ ಅದಕ್ಕೆ ಲೆಕ್ಕಕ್ಕಿಲ್ಲ. ಸೋಲುವುದು ಯಾವಾಗಲೂ ಅಂಟು. ಬಿಸಿಗೆ ಅಂಟು ಮೆತ್ತಗಾಗುತ್ತದೆ, ಜಾರುತ್ತದೆ, ಅಂಚು ಮೇಲೇಳುತ್ತದೆ. ಆ ಸಂದಿನಲ್ಲಿ ಮೇಣ ನುಸುಳುತ್ತದೆ. ಆದ್ದರಿಂದ ‘ಈ ಪಟ್ಟಿ ಬಿಸಿ ತಡೆಯುತ್ತದೆಯೆ?’ ಎಂಬುದು ಅರ್ಧ ಪ್ರಶ್ನೆ. ‘ಇದರ ಅಂಟು ಎಷ್ಟು ಬಿಸಿ ತಡೆಯುತ್ತದೆ?’ ಎಂಬುದೇ ಪೂರ್ಣ ಪ್ರಶ್ನೆ.

ಅಂಟಿನಲ್ಲಿ ಮುಖ್ಯವಾಗಿ ಮೂರು ಜಾತಿ. ರಬ್ಬರಿನ ಅಂಟು ಮುಟ್ಟಿದೊಡನೆ ಚೆನ್ನಾಗಿ ಕಚ್ಚುತ್ತದೆ. ಬಿಸಿ ತಾಗಿದರೆ ಬೇಗ ಸಡಿಲಾಗುತ್ತದೆ. ಮೊದಲ ನೋಟದ ಸ್ನೇಹದಂತೆ ಇದರ ಬಿಗಿ. ಅಕ್ರಿಲಿಕ್ ಅಂಟು ಮೊದಲಿಗೆ ಅಷ್ಟು ಜಿಗುಟೆನಿಸುವುದಿಲ್ಲ. ಒತ್ತಿ ಕೂರಿಸಿ ಸ್ವಲ್ಪ ಕಾಲ ಬಿಟ್ಟರೆ ಬಿಗಿಯಾಗುತ್ತದೆ, ಸಾಮಾನ್ಯವಾಗಿ 120ರಿಂದ 150 ಡಿಗ್ರಿಯವರೆಗೆ ತಾಳುತ್ತದೆ. ಸಿಲಿಕೋನ್ ಅಂಟು 260 ಡಿಗ್ರಿಯನ್ನೂ ತಾಳಬಲ್ಲದು. ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಹಿಂದೆ ಹಾಕಿದ ಲೆಕ್ಕವನ್ನು ಇಲ್ಲಿ ನೆನೆಯಬೇಕು. ಮೇಣದ ಬಿಸಿ 80-90 ಡಿಗ್ರಿ. 120 ಡಿಗ್ರಿ ತಾಳುವ ಅಕ್ರಿಲಿಕ್ ಅಂಟಿನ ಪಟ್ಟಿ ಈ ಕೆಲಸಕ್ಕೆ ಸಾಕಷ್ಟು ಅಂತರ ಉಳಿಸಿಕೊಂಡೇ ನಿಲ್ಲುತ್ತದೆ. ವಿದ್ಯುನ್ಮಾನ ಫಲಕಗಳ ಬೆಸುಗೆಗೆ ಬಳಸುವ, ಜೇನಿನ ಬಣ್ಣದ ಪಾಲಿಇಮೈಡ್ ಪಟ್ಟಿಯೂ ಸಿಲಿಕೋನ್ ಅಂಟಿನ ದುಬಾರಿ ಲೋಹಪಟ್ಟಿಯೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಪ್ರಯೋಗಿಸಿದಂತೆ. ಆ ಹಣಕ್ಕೆ ಒಂದು ಒಳ್ಳೆಯ ಉಷ್ಣಮಾಪಕವನ್ನು ಕೊಂಡರೆ ಮನೆಗೆ ಹೆಚ್ಚು ಕ್ಷೇಮ.

ಲೋಹದ ಹಾಳೆಗೆ ಇನ್ನೊಂದು ಉಪಕಾರದ ಗುಣವುಂಟು. ಅದು ಬಿಸಿಯನ್ನು ಬೇಗ ಹೊರಕ್ಕೆ ದಾಟಿಸುತ್ತದೆ. ತಂಪಾದ ಕಲ್ಲಿನ ಹಾಸಿನ ಮೇಲೆ ಅಚ್ಚನ್ನು ನಿಲ್ಲಿಸಿದರೆ, ಪಟ್ಟಿಗೆ ತಾಗಿದ ಮೊದಲ ಹನಿಗಳು ಅಲ್ಲಿಯೇ ಹೆಪ್ಪುಗಟ್ಟಿ ತಾವೇ ಬೆಣೆಯಾಗುತ್ತವೆ. ಸೋರಲು ಹೊರಟ ಮೇಣವೇ ಸೋರಿಕೆಗೆ ಅಡ್ಡವಾಗಿ ನಿಲ್ಲುವ ಈ ಚಮತ್ಕಾರಕ್ಕೆ ಬಟ್ಟೆ ಅಥವಾ ಕಾಗದದ ಪಟ್ಟಿ ಅಷ್ಟಾಗಿ ನೆರವಾಗದು.

ಹೆಸರಿಗೆ ಮರುಳಾದವರು

ಪಟ್ಟಿಗಳ ಲೋಕದಲ್ಲಿ ಹೆಸರಿಗೂ ಗುಣಕ್ಕೂ ನಂಟಿಲ್ಲವೆಂಬುದಕ್ಕೆ ಒಂದು ಸ್ವಾರಸ್ಯವಾದ ಕಥೆಯುಂಟು. ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದ ಇಲಿನಾಯ್ ಪ್ರಾಂತದ ಮದ್ದುಗುಂಡಿನ ಕಾರ್ಖಾನೆಯಲ್ಲಿ ವೆಸ್ಟಾ ಸ್ಟೌಟ್ ಎಂಬ ಮಹಿಳೆ ಕೆಲಸಕ್ಕಿದ್ದಳು. ಅವಳ ಇಬ್ಬರು ಮಕ್ಕಳು ನೌಕಾಪಡೆಯಲ್ಲಿದ್ದರು. ಮದ್ದಿನ ಪೆಟ್ಟಿಗೆಗಳಿಗೆ ಅಂಟಿಸುತ್ತಿದ್ದ ಕಾಗದದ ಪಟ್ಟಿ ಎಳೆದಾಗ ಹರಿದುಹೋಗಿ ಯೋಧರು ತೊಂದರೆಗೊಳಗಾಗುವರೆಂದು ಆ ತಾಯಿ ಕಳವಳಗೊಂಡಳು. ಬಟ್ಟೆಯ ಗಟ್ಟಿ ಪಟ್ಟಿಯನ್ನು ಬಳಸಬೇಕೆಂದು ಮೇಲಿನವರಿಗೆ ಹೇಳಿದಳು, ಫಲ ಕಾಣಲಿಲ್ಲ. 1943ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟರಿಗೇ ಚಿತ್ರಸಹಿತ ಪತ್ರ ಬರೆದಳು. ಸಲಹೆ ಅಂಗೀಕೃತವಾಯಿತು, ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಪಟ್ಟಿಯನ್ನು ತಯಾರಿಸಿತು. ಯುದ್ಧ ಮುಗಿದ ಮೇಲೆ ಅದೇ ಬಟ್ಟೆಯ ಪಟ್ಟಿ ಬೆಳ್ಳಿಬಣ್ಣ ತಳೆದು ಗಾಳಿಕೊಳವೆಗಳ ಸಂದು ಮುಚ್ಚಲು ಹೊರಟಿತು. ಕೊಳವೆಯ ಹೆಸರೇ ಅದಕ್ಕೆ ಅಂಟಿ ‘ಡಕ್ಟ್ ಟೇಪ್’ ಎಂದಾಯಿತು.

ಅರ್ಧ ಶತಮಾನ ಕಳೆದ ಮೇಲೆ, 1998ರಲ್ಲಿ, ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯದ ಮ್ಯಾಕ್ಸ್ ಷೆರ್ಮನ್ ಮತ್ತು ಇಯಾನ್ ವಾಕರ್ ಎಂಬ ವಿಜ್ಞಾನಿಗಳು ಕೊಳವೆಯ ಸಂದು ಮುಚ್ಚುವ ನಾನಾ ಪಟ್ಟಿಗಳನ್ನು ಬಿಸಿಗಾಳಿ ತಂಪುಗಾಳಿಗಳಿಗೆ ಒಡ್ಡಿ ಪರೀಕ್ಷಿಸಿದ ಫಲಿತಾಂಶ ಹೊರಬಿದ್ದಿತು. ಲೋಹದ ಹಾಳೆಯ ಪಟ್ಟಿಗಳು ನಿಂತವು. ಕೊಳವೆಯ ಹೆಸರು ಹೊತ್ತ, ರಬ್ಬರಿನ ಅಂಟಿನ ಬಟ್ಟೆಯ ಪಟ್ಟಿ ಸೋತಿತು! ಪೆಟ್ಟಿಗೆ ಕಟ್ಟಲು ಹುಟ್ಟಿದ್ದು ಪೆಟ್ಟಿಗೆಗೆ ಲಾಯಕ್ಕು. ಬಿಸಿಗಾಳಿಗೆ ಅಲ್ಲ, ಬಿಸಿ ಮೇಣಕ್ಕಂತೂ ಅಲ್ಲವೇ ಅಲ್ಲ. ಅಂಗಡಿಯಲ್ಲಿ ಬೆಳ್ಳಿಬಣ್ಣ ಕಂಡು ಇದನ್ನೇ ಲೋಹದ ಪಟ್ಟಿಯೆಂದು ತರುವವರಿದ್ದಾರೆ. ಕೈಯಿಂದ ಹರಿದಾಗ ಬಟ್ಟೆಯ ಎಳೆಗಳು ಕಾಣಿಸಿದರೆ ಅದು ಲೋಹವಲ್ಲವೆಂದು ತಿಳಿಯಬೇಕು.

ಮನೆಯ ಉಳಿದ ಪಟ್ಟಿಗಳ ಯೋಗ್ಯತೆಯೂ ಅಷ್ಟಕ್ಕಷ್ಟೆ. ಪೊಟ್ಟಣ ಕಟ್ಟುವ ಪಾರದರ್ಶಕ ಪಟ್ಟಿ ಬಿಸಿಗೆ ಸುರುಟಿಕೊಳ್ಳುತ್ತದೆ. ಬಣ್ಣ ಹೊಡೆಯುವವರು ಬಳಸುವ ಮಾಸ್ಕಿಂಗ್ ಟೇಪು ಕಾಗದದ್ದು. ಅದರ ಸಾಧಾರಣ ದರ್ಜೆ ಈ ಬಿಸಿಗೆ ಸಾಲದು, ಅಚ್ಚನ್ನು ತಣ್ಣೀರಿನಲ್ಲಿಟ್ಟು ಆರಿಸುವವರಿಗೆ ಸುತರಾಂ ಸಲ್ಲದು. ವಿದ್ಯುತ್ ತಂತಿಗೆ ಸುತ್ತುವ ಪಿ.ವಿ.ಸಿ. ಪಟ್ಟಿಯ ಮೇಲೆ ಸಾಮಾನ್ಯವಾಗಿ ನಮೂದಾಗಿರುವ ಮಿತಿ 80 ಡಿಗ್ರಿ. ಮೇಣದ ಬಿಸಿ ಶುರುವಾಗುವಲ್ಲಿಗೆ ಅದರ ತಾಳ್ಮೆ ಮುಗಿಯುತ್ತದೆ. ನಲ್ಲಿಯ ತಿರುಪಿಗೆ ಸುತ್ತುವ ಬಿಳಿಯ ಟೆಫ್ಲಾನ್ ಪಟ್ಟಿ ಬಿಸಿಗೆ ಜಗ್ಗದು. ಆದರೆ ಅದಕ್ಕೆ ಅಂಟೇ ಇಲ್ಲ. ಅದನ್ನು ಬುಡದ ತಿರುಪು ಮೊಳೆಗೆ ಒಂದೆರಡು ಸುತ್ತು ಸುತ್ತಿದರೆ ಉಪಯೋಗವಾದೀತೇ ಹೊರತು ಅಂಟಿಸಲು ಬಾರದು.

ಅಂಗಡಿಯಲ್ಲಿ ಕೇಳಬೇಕಾದ ಮಾತು

ಲೋಹದ ಪಟ್ಟಿ ಹಾರ್ಡ್‌ವೇರ್ ಅಂಗಡಿಗಳಲ್ಲಿಯೂ ಏರ್‌ಕಂಡೀಷನರ್ ಸಾಮಾನಿನ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಕೊಳ್ಳುವಾಗ ಗಮನಿಸಬೇಕಾದ ಸಂಗತಿಗಳು ನಾಲ್ಕು.

ಒಂದು, ಅಂಟಿನ ಜಾತಿ. ಪಟ್ಟಿಯ ರಟ್ಟಿನ ಮೇಲೋ ತಯಾರಕರ ವಿವರಪತ್ರದಲ್ಲಿಯೋ ಅಕ್ರಿಲಿಕ್ ಎಂದಿದೆಯೇ, ಬಿಸಿಯ ಮಿತಿ ಎಷ್ಟೆಂದಿದೆ ಎಂದು ನೋಡಬೇಕು. 120 ಡಿಗ್ರಿಗೆ ಕಡಿಮೆಯಿಲ್ಲದಿದ್ದರೆ ಸಾಕು. ಕೆಲವು ವಿವರಪತ್ರಗಳಲ್ಲಿ ಎರಡು ಅಂಕಿಗಳಿರುತ್ತವೆ: ಕ್ಷಣಕಾಲ ತಾಳುವ ಬಿಸಿ ಒಂದು, ಸತತವಾಗಿ ತಾಳುವ ಬಿಸಿ ಇನ್ನೊಂದು. ಮೇಣ ಅಚ್ಚಿನಲ್ಲಿ ಗಂಟೆಗಟ್ಟಲೆ ಕೂರುವುದರಿಂದ ಎರಡನೆಯ ಅಂಕಿಯೇ ಪ್ರಮಾಣ.

ಎರಡು, ಹಾಳೆಯ ದಪ್ಪ. ಪಟ್ಟಿಯ ಹಾಳೆ 30ರಿಂದ 50 ಮೈಕ್ರಾನಿನವರೆಗೆ ದೊರೆಯುತ್ತದೆ. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತೀರ ತೆಳುವಾದುದು ಉಜ್ಜುವಾಗ ಹರಿಯುತ್ತದೆ. ದಪ್ಪವಾದುದು ಬಾಗಿದ ಅಂಚಿನಲ್ಲಿ ಸುಕ್ಕುಗಟ್ಟುತ್ತದೆ. ಚಪ್ಪಟೆ ಬುಡಕ್ಕೆ ದಪ್ಪ ಹಾಳೆ, ಬಾಗಿದ ಸಂದಿಗೆ ತೆಳು ಹಾಳೆ ಎಂಬುದು ಸ್ಥೂಲವಾದ ನಿಯಮ. ಚಪಾತಿ ಸುತ್ತುವ ಅಡಿಗೆಮನೆಯ ಹಾಳೆ ಇದಕ್ಕಿಂತ ಬಹಳ ತೆಳು. ಅದಕ್ಕೆ ಗೋಂದು ಬಳಿದು ಕೆಲಸ ಸಾಗಿಸುವ ಜಾಣತನ ಬೇಡ.

ಮೂರು, ಅಗಲ. ರಂಧ್ರದ ಸುತ್ತ ಎಲ್ಲ ಕಡೆಯೂ ಎರಡು ಸೆಂಟಿಮೀಟರಾದರೂ ಪಟ್ಟಿ ಹರಡಿರಬೇಕು. ಹೀಗಾಗಿ ಸುಮಾರು 5 ಸೆಂಟಿಮೀಟರ್ ಅಗಲದ ಪಟ್ಟಿ ಗೃಹೋಪಯೋಗಕ್ಕೆ ಅನುಕೂಲ.

ನಾಲ್ಕು, ಹಿಂಬದಿಯ ಕಾಗದ. ಅಂಟಿನ ಮೇಲೆ ಸುಲಿಯುವ ಕಾಗದವಿದ್ದರೆ ಪಟ್ಟಿಯನ್ನು ಬೇಕಾದ ಆಕಾರಕ್ಕೆ ಕತ್ತರಿಸಿ ಆಮೇಲೆ ಅಂಟಿಸಬಹುದು. ಅದಿಲ್ಲದ ಸುರುಳಿಯಲ್ಲಿ ಹಾಳೆ ತನಗೆ ತಾನೇ ಅಂಟಿಕೊಂಡು ಸುಕ್ಕಾಗುವುದು ಹೆಚ್ಚು.

ಕೊಂಡು ತಂದ ಮೇಲೆ ಮೇಣಕ್ಕೆ ಮುನ್ನ ನೀರಿನಿಂದ ಪರೀಕ್ಷಿಸುವುದು ವಿವೇಕ. ಅಚ್ಚಿನ ಬುಡಕ್ಕೆ ಪಟ್ಟಿ ಅಂಟಿಸಿ, ಒಣಗಿದ ಕಾಗದದ ಮೇಲೆ ನಿಲ್ಲಿಸಿ, ಕುದಿದು ಸ್ವಲ್ಪ ಆರಿದ ನೀರನ್ನು ತುಂಬಿ ಅರ್ಧ ಗಂಟೆ ಬಿಡಬೇಕು. ಕಾಗದ ನೆನೆದರೆ ಆ ಪಟ್ಟಿಯೋ ಅಂಟಿಸಿದ ಕ್ರಮವೋ ತಪ್ಪು. ನೆನೆಯದಿದ್ದರೆ ಅರ್ಧ ಜಯ. ಏಕೆಂದರೆ ಮೇಣ ನೀರಿಗಿಂತ ಹೆಚ್ಚು ನುಸುಳುವ ಜಾತಿ. ಪರೀಕ್ಷೆಯಾದ ಮೇಲೆ ಅಚ್ಚನ್ನು ಪೂರ್ತಿ ಒಣಗಿಸಿ ಹೊಸ ಪಟ್ಟಿಯನ್ನು ಹಾಕಬೇಕೆಂಬುದನ್ನು ಮರೆಯಬಾರದು. ನೂಲಿಗೆ ನೀರು ತಾಗಿದರೆ ಮೇಣದಬತ್ತಿ ಚಟಚಟನೆ ಸಿಡಿಯುತ್ತ ಉರಿಯುತ್ತದೆ.

ಅಂಟಿಸುವ ಕೈ

ಉತ್ತಮ ಪಟ್ಟಿಯೂ ಕೊಳೆಯ ಮೇಲೆ ನಿಲ್ಲದು. ಅಚ್ಚಿಗೆ ಹಿಂದಿನ ಮೇಣದ ಜಿಡ್ಡು ಅಂಟಿರುತ್ತದೆ; ಮೇಣದಬತ್ತಿ ಸಲೀಸಾಗಿ ಬಿಡಲೆಂದು ಸವರಿದ ಎಣ್ಣೆಯ ಕೈಯೂ ಹೊರಗೆ ತಾಗಿರುತ್ತದೆ. ಬುಡವನ್ನು ಸಾಬೂನಿನ ಬಿಸಿನೀರಿನಿಂದ ತೊಳೆದು, ಒಣಗಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಮೇಲೆ ಪಟ್ಟಿ ಅಂಟಿಸಬೇಕು. ಸ್ಪಿರಿಟ್ ಕೆಲಸ ಒಲೆಯ ಹತ್ತಿರ ಕೂಡದು.

ನೂಲನ್ನು ರಂಧ್ರದಿಂದ ಹೊರಗೆಳೆದು ಒಂದು ಅಂಗುಲದಷ್ಟು ಬಿಟ್ಟು, ಬುಡಕ್ಕೆ ಮಟ್ಟಸವಾಗಿ ಮಲಗಿಸಿ, ರಂಧ್ರದ ಮೇಲೆ ಬಟಾಣಿಯಷ್ಟು ಮುದ್ದೆಯನ್ನು ಒತ್ತಿ ಚಪ್ಪಟೆ ಮಾಡಬೇಕು. ನೂಲಿನ ತುದಿ ಪಟ್ಟಿಯ ಅಂಚಿನಿಂದ ಆಚೆಗೆ ಚಾಚಬಾರದು; ಚಾಚಿದರೆ ದೀಪದ ಬತ್ತಿ ಎಣ್ಣೆ ಹೀರುವಂತೆ ಅದು ಮೇಣವನ್ನು ಹೀರಿ ಹೊರಗೆ ಸಾಗಿಸುತ್ತದೆ. ಪಟ್ಟಿಯ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿದರೆ ಏಳುವುದು ಕಡಿಮೆ. ಮಧ್ಯದಿಂದ ಅಂಚಿನ ಕಡೆಗೆ ಚಮಚದ ಬೆನ್ನಿನಿಂದ ಉಜ್ಜುತ್ತ ಹೋಗಬೇಕು. ಒಂದು ಗಾಳಿಗುಳ್ಳೆಯೂ ಒಂದು ಸುಕ್ಕೂ ಉಳಿಯಬಾರದು. ಪ್ರತಿ ಸುಕ್ಕೂ ಮೇಣಕ್ಕೆ ತೆರೆದ ಕಾಲುವೆ. ಹಾಳೆಯ ಅಂಚು ಬೆರಳನ್ನು ಕೊಯ್ಯುವಷ್ಟು ಹರಿತವಾಗಿರುವುದರಿಂದ ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬಾರದು. ಅಂಟಿಸಿದ ಮೇಲೆ ಅರ್ಧ ಗಂಟೆಯಾದರೂ ಹಾಗೆಯೇ ಬಿಡುವುದರಿಂದ ಅಕ್ರಿಲಿಕ್ ಅಂಟಿನ ಬಿಗಿ ಹೆಚ್ಚುತ್ತದೆ.

ಸಿಲಿಕೋನ್ ರಬ್ಬರಿನ ಅಚ್ಚುಗಳಿಗೆ ಈ ಉಪಾಯ ಸಲ್ಲದು. ಸಾಮಾನ್ಯ ಅಂಟು ಯಾವುದೂ ಅವಕ್ಕೆ ಹಿಡಿಯುವುದಿಲ್ಲ. ಸೀಳಿದ ರಬ್ಬರ್ ಅಚ್ಚನ್ನು ರಬ್ಬರ್ ಉಂಗುರಗಳಿಂದ ಬಿಗಿಯುವುದೇ ಸರಿ. ನೀರಿನ ಪಿ.ವಿ.ಸಿ. ಕೊಳವೆಯನ್ನು ಅಚ್ಚು ಮಾಡಿಕೊಳ್ಳುವವರು, 80 ಡಿಗ್ರಿಯ ಆಸುಪಾಸಿನಲ್ಲಿ ಕೊಳವೆಯೇ ಮೆತ್ತಗಾಗುವುದೆಂದು ತಿಳಿದಿರಬೇಕು. ಅಚ್ಚೇ ಸೊಟ್ಟಗಾದ ಮೇಲೆ ಪಟ್ಟಿ ಏನು ಮಾಡೀತು?

ಮೇಣ ಹೊಯ್ಯುವಾಗ ಮೊದಲು ಬೆರಳ ದಪ್ಪದಷ್ಟು ಮಾತ್ರ ಹೊಯ್ದು ಅದು ಕೆನೆಗಟ್ಟುವವರೆಗೆ ಕಾಯುವುದು ಕೆಲವರ ಪದ್ಧತಿ. ಮೇಣದಬತ್ತಿಯ ನೆತ್ತಿಯಲ್ಲಿ ಒಂದು ತೆಳುಗೆರೆ ಉಳಿಯಬಹುದು. ಆದರೆ ಬುಡ ಭದ್ರವಾಗುತ್ತದೆ. ಎರಡನೆಯ ಸಲ ಕುಳಿ ತುಂಬುವಾಗ ಮೊದಲ ಮಟ್ಟವನ್ನು ಮೀರಬಾರದು. ಮೀರಿದರೆ ಕುಗ್ಗಿದ ಮೇಣಕ್ಕೂ ಅಚ್ಚಿನ ಗೋಡೆಗೂ ನಡುವೆ ಬಿಸಿ ಮೇಣ ಇಳಿದು ಮೈ ಕೆಡುತ್ತದೆ. ಎಲ್ಲವೂ ಪೂರ್ತಿ ಆರಿದ ಮೇಲೆ ಪಟ್ಟಿಯನ್ನು ಒಂದು ಮೂಲೆಯಿಂದ ನಿಧಾನವಾಗಿ ಸುಲಿಯಬೇಕು. ಉಳಿದ ಅಂಟನ್ನು ಕೊಬ್ಬರಿ ಎಣ್ಣೆಯಿಂದ ಉಜ್ಜಿ, ಆಮೇಲೆ ಸಾಬೂನಿನಿಂದ ತೊಳೆಯಬಹುದು. ಸುಲಿದ ಪಟ್ಟಿಯನ್ನು ಮತ್ತೆ ಬಳಸುವ ಮಿತವ್ಯಯ ಬೇಡ. ಒಂದು ಗೇಣು ಪಟ್ಟಿ ಉಳಿಸಲು ಒಂದು ಅಚ್ಚು ಮೇಣ ಕಳೆದುಕೊಂಡರೆ ಆ ಉಳಿತಾಯಕ್ಕೆ ಅರ್ಥವಿಲ್ಲ.

ಸೋರಿದರೆ ಏನು ಮಾಡಬೇಕು?

ಎಷ್ಟೇ ಎಚ್ಚರವಿದ್ದರೂ ಒಮ್ಮೆ ಸೋರುವುದುಂಟು. ಅದಕ್ಕಾಗಿ ಅಚ್ಚುಗಳನ್ನು ಸದಾ ಅಂಚಿರುವ ತಟ್ಟೆಯಲ್ಲಿ ನಿಲ್ಲಿಸಬೇಕು. ಸೋರಿದ್ದು ತಟ್ಟೆಯಲ್ಲಿ ಹೆಪ್ಪುಗಟ್ಟುತ್ತದೆ. ಎತ್ತಿ ಮತ್ತೆ ಕರಗಿಸಬಹುದು. ಸೋರಿಕೆ ಕಂಡೊಡನೆ ಬೆರಳಿನಿಂದ ಒತ್ತಿ ಹಿಡಿಯಲು ಹೋಗುವುದು ಮನುಷ್ಯನ ಸಹಜ ಪ್ರವೃತ್ತಿ, ಅದೇ ಅಪಾಯ. ಬಿಸಿ ಮೇಣ ಚರ್ಮಕ್ಕೆ ಅಂಟಿಕೊಂಡು ನಿಧಾನವಾಗಿ ಆರುವುದರಿಂದ ಸುಡುತ್ತಲೇ ಇರುತ್ತದೆ. ಬರಿಗೈಯನ್ನು ದೂರವಿಟ್ಟು, ತಟ್ಟೆಗೆ ತಣ್ಣೀರು ಹಾಕಿದರೆ ಬುಡದ ಮೇಣ ಗಟ್ಟಿಯಾಗಿ ಸೋರಿಕೆ ನಿಲ್ಲುವುದೇ ಹೆಚ್ಚು. ಚರ್ಮದ ಮೇಲೆ ಮೇಣ ಬಿದ್ದರೆ ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಬೇಕು. ಕಚ್ಚಿಕೊಂಡ ಮೇಣವನ್ನು ಬಲವಂತವಾಗಿ ಕೀಳಬಾರದು. ಗಾಯ ದೊಡ್ಡದಾದರೆ ವೈದ್ಯರಲ್ಲಿಗೆ ಹೋಗಬೇಕು.

ಇಷ್ಟಕ್ಕೂ ದೊಡ್ಡ ಅಪಾಯವಿರುವುದು ಅಚ್ಚಿನಲ್ಲಲ್ಲ, ಒಲೆಯ ಮೇಲೆ. ಮೇಣದ ಪಾತ್ರೆಯನ್ನು ನೇರವಾಗಿ ಉರಿಯ ಮೇಲಿಡದೆ, ನೀರಿರುವ ಇನ್ನೊಂದು ಪಾತ್ರೆಯೊಳಗಿಟ್ಟು ಕರಗಿಸಬೇಕು. ನೀರು 100 ಡಿಗ್ರಿಗಿಂತ ಹೆಚ್ಚು ಕಾಯದಿರುವುದರಿಂದ ಮೇಣವೂ ಆ ಮಿತಿಯೊಳಗಿರುತ್ತದೆ. ಪಟ್ಟಿಯ ಅಂಟಿಗೂ ರಕ್ಷಣೆ, ಮನೆಗೂ ರಕ್ಷಣೆ. ಒಂದು ವೇಳೆ ಮೇಣಕ್ಕೆ ಬೆಂಕಿ ಹತ್ತಿದರೆ ನೀರೆರಚಲೇಬಾರದು. ಒಲೆ ಆರಿಸಿ, ಪಾತ್ರೆಗೆ ತಟ್ಟೆ ಮುಚ್ಚಿ ಗಾಳಿ ಕಟ್ಟಬೇಕು. ಉಳಿದ ಮೇಣವನ್ನು ಬಚ್ಚಲಿಗೆ ಸುರಿದರೆ ಅದು ಕೊಳವೆಯಲ್ಲಿ ಗಟ್ಟಿಯಾಗಿ ಕೂರುತ್ತದೆ.

ನೆರೆಯ ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ, ದೃಷ್ಟಿ ಕಳೆದುಕೊಂಡ ಭವೇಶ್ ಭಾಟಿಯಾ ಅವರು ಕಟ್ಟಿ ಬೆಳೆಸಿದ ಸನ್‌ರೈಸ್ ಕ್ಯಾಂಡಲ್ಸ್ ಎಂಬ ಸಂಸ್ಥೆ ಅನೇಕ ಅಂಧರಿಗೆ ಮೇಣದಬತ್ತಿಯ ಕೆಲಸವನ್ನು ಕಲಿಸಿ ಜೀವನೋಪಾಯ ಒದಗಿಸಿದೆ. ಬೆಳಕನ್ನು ಕಾಣದವರ ಕೈಗಳು ಪರರ ಮನೆಗೆ ಬೆಳಕನ್ನು ರೂಪಿಸುತ್ತವೆ. ಕಣ್ಣುಳ್ಳವರು ಹಾಳೆಯ ಹೊಳಪನ್ನು ಕಂಡು ಪಟ್ಟಿಯನ್ನು ಮೆಚ್ಚುತ್ತಾರೆ. ಹೊಳಪು ಸೋರಿಕೆಯನ್ನು ತಡೆಯದು. ತಡೆಯುವುದು ಹಾಳೆಯ ಹಿಂದಿನ ಅಂಟು. ಸುಕ್ಕನ್ನೂ ಗುಳ್ಳೆಯನ್ನೂ ಮೇಲೆದ್ದ ಅಂಚನ್ನೂ ಮೊದಲು ಪತ್ತೆ ಹಚ್ಚುವುದು ಬೆರಳಿನ ತುದಿ. ಮೇಣ ಹೊಯ್ಯುವ ಮುನ್ನ ಒಮ್ಮೆ ಕಣ್ಣು ಮುಚ್ಚಿ ಅಚ್ಚಿನ ಬುಡದ ಮೇಲೆ ಬೆರಳಾಡಿಸಿದರೆ, ಆಮೇಲೆ ನೆಲ ಕೆರೆಯುವ ಕೆಲಸ ತಪ್ಪುತ್ತದೆ.